ವಿಮಾನದ ಹೊಯ್ದಾಟವೂ ಚಾಲಕನ ಕೈಯೂ

ಜಯನಗರದಲ್ಲಿಯೋ ಬನಶಂಕರಿಯಲ್ಲಿಯೋ ಚಳಿಗಾಲದ ಬೆಳಗ್ಗೆ ಸ್ನಾನಕ್ಕೆ ನಿಂತವರ ಅನುಭವವೊಂದನ್ನು ಮೊದಲು ನೆನೆಯೋಣ. ನೀರು ಇನ್ನೂ ತಣ್ಣಗಿದೆಯೆಂದು ಬಿಸಿನೀರಿನ ನಲ್ಲಿಯನ್ನು ಮತ್ತಷ್ಟು ತಿರುಗಿಸುತ್ತೇವೆ. ಕೊಳವೆಯಲ್ಲಿ ತಡವಾಗಿ ಬಂದ ಬಿಸಿನೀರು ಮೈ ಸುಟ್ಟೊಡನೆ ಗಾಬರಿಯಿಂದ ಹಿಂದಕ್ಕೆ ತಿರುಗಿಸುತ್ತೇವೆ. ನೀರು ಮತ್ತೆ ಕೊರೆಯುತ್ತದೆ. ಇಲ್ಲಿ ನಲ್ಲಿಯೂ ಕೆಟ್ಟಿಲ್ಲ, ಕೈಯೂ ಕೆಟ್ಟಿಲ್ಲ. ನಡುವಣ ವಿಳಂಬವೇ ಈ ಪೇಚಿಗೆ ಕಾರಣ.

ವಿಮಾನದಲ್ಲಿ ಇಂಥದೇ ಸಂಗತಿ ಒದಗಿದರೆ ಅದನ್ನು ಚಾಲಕಪ್ರೇರಿತ ಆಂದೋಲನವೆನ್ನಬಹುದು. ಮೂತಿ ಮೇಲೆದ್ದಿತೆಂದು ಚಾಲಕನು ದಂಡವನ್ನು ಮುಂದೊತ್ತುತ್ತಾನೆ. ಅದು ಫಲಿಸುವ ಹೊತ್ತಿಗೆ ಮೂತಿಯು ಆಗಲೇ ಇಳಿಯತೊಡಗಿರುತ್ತದೆ. ಕೂಡಲೆ ಹಿಂದಕ್ಕೆಳೆಯುತ್ತಾನೆ, ಅದೂ ತಡವಾಗುತ್ತದೆ. ಹೀಗೆ ತಿದ್ದುವ ಕೈಯೇ ತೂಗುವ ಕೈಯಾಗುತ್ತದೆ. ನೆಲಕ್ಕಿಳಿಯುವಾಗ, ಮತ್ತೊಂದು ವಿಮಾನದ ಮಗ್ಗುಲಲ್ಲಿ ಹಾರುವಾಗ, ಸೂಕ್ಷ್ಮವಾಗಿ ತಿದ್ದುವ ಆತುರ ಹೆಚ್ಚಾದುದರಿಂದ ಅಪಾಯವೂ ಹೆಚ್ಚು.

1993ನೆಯ ಆಗಸ್ಟ್ 8ರಂದು ಸ್ಟಾಕ್‌ಹೋಮ್ ನಗರದಲ್ಲಿ ನಡೆದ ಪ್ರದರ್ಶನದಲ್ಲಿ ಸ್ವೀಡನ್ನಿನ ಗ್ರಿಪೆನ್ ವಿಮಾನವು ಇಂಥ ಆಂದೋಲನದಿಂದಲೇ ಹತೋಟಿ ತಪ್ಪಿ ಬಿದ್ದಿತು. ಚಾಲಕನು ಆಸನಸಹಿತ ಹೊರಚಿಮ್ಮಿ ಬದುಕಿಕೊಂಡನು. ನಮ್ಮ ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಕೂಡ ಗ್ರಿಪೆನ್ನಿನಂತೆಯೇ ಸ್ವಭಾವತಃ ಅಸ್ಥಿರವಾದ ವಿಮಾನ. ಅದನ್ನು ನೆಟ್ಟಗೆ ನಿಲ್ಲಿಸುವುದು ಗಣಕಯಂತ್ರ. ಆದಕಾರಣ ನಮ್ಮ ಇಂಜಿನಿಯರರು ಆ ಯಂತ್ರದ ನಿಯಂತ್ರಣ ಸೂತ್ರಗಳನ್ನು ಮೊದಲು ನೆಲದ ಮೇಲಿನ ಕೃತಕ ಹಾರಾಟದಲ್ಲಿ ಚಾಲಕರ ಕೈಯಿಂದಲೇ ಪರೀಕ್ಷಿಸಿದರು. 2001ನೆಯ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಅವರು ಎಚ್‌ಎಎಲ್ ನಿಲ್ದಾಣದಿಂದ ಅದನ್ನು ಮೊತ್ತಮೊದಲು ಹಾರಿಸಿ ಕ್ಷೇಮವಾಗಿ ಇಳಿಸಿದರು.

ಈ ಪೀಡೆಯನ್ನು ಗುರುತಿಸುವ ಬಗೆಯೇನು? ಗಾಳಿಯ ಕುಲುಕಾಟಕ್ಕೆ ತಾಳವಿಲ್ಲ, ಇದಕ್ಕೆ ತಾಳವಿದೆ. ಮೂತಿಯ ಏರಿಳಿತವು ಒಂದೇ ಗತಿಯಲ್ಲಿ ಮರುಕಳಿಸುತ್ತ, ಚಾಲಕನ ಕೈಯೂ ಅದೇ ಗತಿಯಲ್ಲಿ ಹಿಂದುಮುಂದಾಗುತ್ತಿದ್ದರೆ, ಎಷ್ಟು ತಿದ್ದಿದರೂ ಹೊಯ್ದಾಟವು ತಗ್ಗದಿದ್ದರೆ, ಕಾರಣವು ಕೈಯಲ್ಲಿಯೇ ಇದೆಯೆಂದು ಶಂಕಿಸಬೇಕು.

ಪರಿಹಾರವು ಹೇಳಲು ಸುಲಭ: ದಂಡದ ಹಿಡಿತವನ್ನು ಸಡಿಲಿಸುವುದು, ಇಲ್ಲವೆ ಅದನ್ನು ಒಂದೆಡೆ ಸ್ಥಿರವಾಗಿ ಹಿಡಿಯುವುದು. ಸರಪಳಿ ಕಡಿದೊಡನೆ ಆಂದೋಲನವು ಸಾಮಾನ್ಯವಾಗಿ ಅಡಗುತ್ತದೆ. ಆಮೇಲೆ ಮೃದುವಾಗಿ, ಸ್ವಲ್ಪಸ್ವಲ್ಪವಾಗಿ ತಿದ್ದಬೇಕು. ಆದರೆ ನೆಲವು ಸಮೀಪದಲ್ಲಿದ್ದರೆ ಕೈಬಿಟ್ಟು ಕಾಯಲು ಎಡೆಯಿಲ್ಲ. ಆಗ ಇಳಿಯುವ ಹಟವನ್ನು ಬಿಟ್ಟು, ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿ, ಮೂತಿಯನ್ನು ಒಂದೇ ಸಮನೆ ಹಿಡಿದು ಮೇಲೇರಿ, ಮತ್ತೊಂದು ಸುತ್ತು ಬರುವುದೇ ಜಾಣತನ.

ಭೂಮಿಯು ಎದ್ದು ಬರುತ್ತಿರುವಂತೆ ತೋರುವಾಗ ಕೈಯನ್ನು ತಡೆದು ಹಿಡಿಯುವುದು ಭೀತಿಗೆ ವಿರುದ್ಧವಾದ ಕೆಲಸ. ಆ ಸಂಯಮವು ಆಪತ್ತಿನಲ್ಲಿ ಹುಟ್ಟುವಂಥದಲ್ಲ. ಅದನ್ನು ಮುಂಚಿತವಾಗಿಯೇ ಅಭ್ಯಾಸದಿಂದ ಗಳಿಸಿಟ್ಟುಕೊಂಡಿರಬೇಕು.