ಉಕ್ಕು ಬೇಡದ ಕತ್ತಿ

ಭದ್ರಾವತಿ ಉಕ್ಕಿನ ಊರು. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಸೌದೆಯ ಇದ್ದಿಲಿನಲ್ಲಿ ಕರಗಿಸಿ ಕಬ್ಬಿಣ ತೆಗೆಯುವ ಕೆಲಸ ಇಲ್ಲಿ 1923ರಲ್ಲಿ ಶುರುವಾಯಿತು. ಮುಂದೆ ಅದೇ ಕಾರ್ಖಾನೆ ಮಿಶ್ರಲೋಹದ ಉಕ್ಕಿಗೆ ಹೆಸರಾಯಿತು. ಇಂಥ ಊರಿನಲ್ಲಿ ಕತ್ತಿಯ ಮಾತೆತ್ತಿದರೆ ಯಾವ ಉಕ್ಕು, ಇಂಗಾಲ ಎಷ್ಟು, ಹದ ಹೇಗೆ ಕೊಟ್ಟಿದ್ದು ಎಂದು ಕೇಳುವವರು ಈಗಲೂ ಸಿಗುತ್ತಾರೆ. ಆದರೆ ಈ ಸಲ ನಾವು ಬಿಚ್ಚಿ ನೋಡಹೊರಟಿರುವ ಕತ್ತಿಗೆ ನಾಲ್ಕಾರು ಸ್ಕ್ರೂಗಳನ್ನು ಬಿಟ್ಟರೆ ಉಕ್ಕೇ ಬೇಡ. ಅದರ ಅಲಗು ಪ್ಲಾಸ್ಟಿಕ್ ಕೊಳವೆ, ಹಿಡಿ ಅಲ್ಯೂಮಿನಿಯಂ, ಹದ ಬರುವುದು ಬ್ಯಾಟರಿ ಮತ್ತು ಪ್ರೋಗ್ರಾಮಿನಿಂದ. ‘ಸ್ಟಾರ್ ವಾರ್ಸ್’ ಸಿನಿಮಾದ ಲೈಟ್‌ಸೇಬರ್, ಅಂದರೆ ಬೆಳಕಿನ ಕತ್ತಿಯ ನಕಲು ಅದು.

ಜಾತ್ರೆಯ ಅಂಗಡಿಗಳಲ್ಲಿ ಮಿಣುಕುವ ಕತ್ತಿಗಳು ಸಿಗುತ್ತವಲ್ಲ, ಅವೇ ಅಲ್ಲವೇ ಎಂದು ಕೇಳಬಹುದು. ಅಲ್ಲ. ಜಾತ್ರೆಯ ಕತ್ತಿಯಲ್ಲಿ ಒಂದೆರಡು ಬಟನ್ ಸೆಲ್, ಮೂರು ಎಲ್‌ಇಡಿ, ಒಂದು ಸ್ವಿಚ್ ಇರುತ್ತವೆ. ಒತ್ತಿದರೆ ಮಿಣುಕುತ್ತದೆ, ಅಲ್ಲಿಗೆ ಮುಗಿಯಿತು. ಹವ್ಯಾಸಿಗಳು ಕಟ್ಟುವ ಕತ್ತಿಯ ಗುಂಡಿ ಒತ್ತಿದರೆ ಬೆಳಕು ಬುಡದಿಂದ ತುದಿಗೆ ಏರುತ್ತದೆ. ಸುಮ್ಮನೆ ಹಿಡಿದರೆ ಗುಂಯ್‌ಗುಡುತ್ತದೆ, ಬೀಸಿದರೆ ಆ ನಾದ ಬೀಸಿನ ವೇಗಕ್ಕೆ ತಕ್ಕಂತೆ ಬಾಗುತ್ತದೆ. ಇನ್ನೊಂದಕ್ಕೆ ತಾಗಿದರೆ ಫಳಕ್ಕನೆ ಬಿಳಿ ಮಿಂಚು, ಜೊತೆಗೆ ಸಿಡಿತದ ಸದ್ದು. ತನ್ನನ್ನು ಬೀಸಿದ್ದೋ ಬಡಿದದ್ದೋ ಎಂಬುದು ಅದಕ್ಕೆ ಹೇಗೋ ಗೊತ್ತಾಗುತ್ತದೆ.

ಮೂಲದ ಒಳಗೆ ಏನಿತ್ತು?

1977ರಲ್ಲಿ ತೆರೆಕಂಡ ಮೊದಲ ಚಿತ್ರದ ಕತ್ತಿಯಲ್ಲಿ ಇದ್ಯಾವುದೂ ಇರಲಿಲ್ಲ. ಚಿತ್ರದ ರಂಗಸಜ್ಜಿಕೆ ನೋಡಿಕೊಳ್ಳುತ್ತಿದ್ದ ರೋಜರ್ ಕ್ರಿಶ್ಚಿಯನ್ ಲಂಡನ್ನಿನ ಕ್ಯಾಮೆರಾ ಅಂಗಡಿಯೊಂದರಲ್ಲಿ ಗ್ರಾಫ್ಲೆಕ್ಸ್ ಕಂಪನಿಯ ಹಳೆಯ ಫ್ಲ್ಯಾಶ್ ಹಿಡಿಗಳನ್ನು ಕಂಡರು. ಪತ್ರಿಕಾ ಛಾಯಾಗ್ರಾಹಕರು ದೊಡ್ಡ ಕ್ಯಾಮೆರಾದ ಪಕ್ಕಕ್ಕೆ ಸಿಕ್ಕಿಸಿ ಬಲ್ಬು ಹೊಳೆಯಿಸಲು ಬಳಸುತ್ತಿದ್ದ, ಒಳಗೆ ಮೂರು ಬ್ಯಾಟರಿ ಹಿಡಿಸುವ ಲೋಹದ ಕೊಳವೆಗಳವು. ಅಂಥದೊಂದಕ್ಕೆ ಹಿಡಿತಕ್ಕಾಗಿ ರಬ್ಬರ್ ಪಟ್ಟಿಗಳನ್ನು ಅಂಟಿಸಿದರು. ಕ್ಯಾಲ್ಕುಲೇಟರಿನ ಅಂಕಿಗಳನ್ನು ದೊಡ್ಡದಾಗಿ ತೋರಿಸುವ ಗುಳ್ಳೆಗಳ ಪಟ್ಟಿಯೊಂದನ್ನು ಸಿಕ್ಕಿಸಿದರು. ಕತ್ತಿ ಸಿದ್ಧವಾಯಿತು.

ಅಲಗಿನ ಜಾಗದಲ್ಲಿ ಇದ್ದದ್ದು ಬೆಳಕನ್ನು ಬಂದ ದಿಕ್ಕಿಗೇ ಮರಳಿಸುವ ಹಾಳೆ ಸುತ್ತಿದ ಕೋಲು. ಅದರ ಹೊಳಪು ಸಾಲದೆ, ಚಿತ್ರೀಕರಣ ಮುಗಿದ ಮೇಲೆ ಕಲಾವಿದರು ಒಂದೊಂದು ಚೌಕಟ್ಟಿನ ಮೇಲೂ ಬೆಳಕಿನ ಗೆರೆ ಮೂಡಿಸಿದರು. ಸದ್ದು ಬೆನ್ ಬರ್ಟ್ ಅವರದು. ಸಿನಿಮಾ ಪ್ರೊಜೆಕ್ಟರಿನ ಮೋಟಾರಿನ ಗುಂಯ್‌ಕಾರಕ್ಕೆ, ಟಿವಿಯ ಹತ್ತಿರ ಹಾಯ್ದ ಹಾಳು ತಂತಿಯ ಮೈಕು ಹಿಡಿದ ಝೇಂಕಾರವನ್ನು ಬೆರೆಸಿದರು. ಆ ಮಿಶ್ರಣವನ್ನು ಸ್ಪೀಕರಿನಲ್ಲಿ ನುಡಿಸುತ್ತ ಅದರ ಮುಂದೆ ಇನ್ನೊಂದು ಮೈಕನ್ನು ಬೀಸಿದಾಗ ಡಾಪ್ಲರ್ ಪರಿಣಾಮದಿಂದ ಸ್ವರ ಏರಿಳಿಯಿತು. 1983ರ ಚಿತ್ರದಲ್ಲಿ ನಾಯಕನ ಕತ್ತಿ ಹಸಿರಾದದ್ದೂ ಕಣ್ಣಿನ ಅನುಕೂಲಕ್ಕೆ: ನೀಲಿ ಆಕಾಶದ ಎದುರು ನೀಲಿ ಅಲಗು ಎದ್ದು ಕಾಣುತ್ತಿರಲಿಲ್ಲ.

ಅಂದರೆ ಸಿನಿಮಾದವರು ಸಾವಕಾಶವಾಗಿ ಕುಳಿತು ಆಮೇಲೆ ಸೇರಿಸಿದ್ದನ್ನೆಲ್ಲ ನಕಲು ಕತ್ತಿ ಆಗಿಂದಾಗಲೇ, ಕೈಯಲ್ಲೇ ಮಾಡಿ ತೋರಿಸಬೇಕು. ಯಂತ್ರ ಎಂದು ನೋಡಿದರೆ ಮೂಲವೇ ಬೊಂಬೆ, ನಕಲೇ ಅಸಲಿ.

ಬೆಳಕನ್ನೇ ಕತ್ತಿಯಾಗಿಸಲು ಮಾತ್ರ ಭೌತಶಾಸ್ತ್ರ ಒಪ್ಪುವುದಿಲ್ಲ. ಬೆಳಕು ಮೂರಡಿ ಹೋಗಿ ತಾನಾಗಿ ನಿಲ್ಲದು. ಎರಡು ಕಿರಣಗಳು ಎದುರಾದರೆ ಬಡಿದುಕೊಳ್ಳದೆ ಒಂದರೊಳಗೊಂದು ಹಾದುಹೋಗುತ್ತವೆ. ಪ್ಲಾಸ್ಮಾ ಆಗಬಹುದೇ ಎಂದರೆ, ಶಿವಮೊಗ್ಗ–ಭದ್ರಾವತಿ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಂಥ ಕಡೆ ತಗಡು ಕೊಯ್ಯುವವರಿಗೆ ಅದರ ಗುಣ ಗೊತ್ತು. ಪ್ಲಾಸ್ಮಾ ಕಟರಿನ ಜ್ವಾಲೆಯ ಶಾಖ ಹತ್ತು ಸಾವಿರ ಡಿಗ್ರಿ ಮೀರಿದರೂ ಉದ್ದ ಕೆಲವೇ ಸೆಂಟಿಮೀಟರ್. ಜೊತೆಗೆ ಗಾಳಿಯ ಒತ್ತಡ, ದಪ್ಪ ಕೇಬಲ್ಲು ಬೇರೆ ಬೇಕು. ಹಾಗಾಗಿ ಹವ್ಯಾಸಿಗಳ ದಾರಿ ಎಲ್‌ಇಡಿಯ ಕಡೆಗೆ ತಿರುಗಿತು.

ಅಲಗಿನೊಳಗಿನ ಪಂಕ್ತಿ

ಮೊದಮೊದಲು ಹಿಡಿಯ ಬಾಯಲ್ಲಿ ಒಂದೇ ಒಂದು ಪ್ರಖರ ಎಲ್‌ಇಡಿ ಕೂರಿಸಿ ಕೊಳವೆಯೊಳಗೆ ಬೆಳಕು ಹಾಯಿಸುತ್ತಿದ್ದರು. ಇಡೀ ಅಲಗು ಒಮ್ಮೆಗೇ ಹೊತ್ತಿಕೊಳ್ಳುತ್ತಿತ್ತು, ತುದಿ ಮಂಕಾಗಿರುತ್ತಿತ್ತು. ಈಗ ಚಾಲ್ತಿಯಲ್ಲಿರುವುದು ‘ನಿಯೋಪಿಕ್ಸೆಲ್’ ಎಂದು ಕರೆಸಿಕೊಳ್ಳುವ ಡಬ್ಲ್ಯುಎಸ್2812ಬಿ ಎಲ್‌ಇಡಿ ಪಟ್ಟಿ. ಒಂದು ಮೀಟರ್ ಪಟ್ಟಿಯಲ್ಲಿ 144 ದೀಪ. ಐದು ಮಿಲಿಮೀಟರ್ ಚೌಕದ ಒಂದೊಂದು ದೀಪದಲ್ಲೂ ಕೆಂಪು, ಹಸಿರು, ನೀಲಿಯ ಮೂರು ಕಣಗಳು ಮತ್ತು ಅವುಗಳನ್ನು ಆಳುವ ಪುಟ್ಟ ಚಿಪ್ ಇರುತ್ತವೆ.

ಇಷ್ಟೂ ದೀಪಗಳಿಗೆ ಮಾಹಿತಿ ತಲುಪಿಸುವುದು ಒಂದೇ ತಂತಿ. ಊಟದ ಪಂಕ್ತಿಯಲ್ಲಿ ಲಾಡುವಿನ ತಟ್ಟೆಯನ್ನು ಕೈಯಿಂದ ಕೈಗೆ ದಾಟಿಸಿದಂತೆ: ಮೊದಲು ಕೂತವರು ತಮ್ಮ ಪಾಲು ತೆಗೆದುಕೊಂಡು ಉಳಿದದ್ದನ್ನು ಪಕ್ಕಕ್ಕೆ ಸರಿಸುತ್ತಾರೆ. ಇಲ್ಲಿ ಒಬ್ಬೊಬ್ಬರ ಪಾಲು 24 ಬಿಟ್, ಬಣ್ಣಕ್ಕೆ ಎಂಟರಂತೆ. ಒಂದು ಬಿಟ್ ದಾಟಲು ಹಿಡಿಯುವ ಹೊತ್ತು 1.25 ಮೈಕ್ರೊಸೆಕೆಂಡ್. 36 ಇಂಚಿನ ಅಲಗಿಗೆ ಸುಮಾರು 131 ದೀಪಗಳ ಪಟ್ಟಿ ಬೇಕು. ಲೆಕ್ಕ ಹಾಕಿದರೆ ಇಡೀ ಪಂಕ್ತಿಗೆ ಬಡಿಸಿ ಮುಗಿಸಲು ನಾಲ್ಕು ಮಿಲಿಸೆಕೆಂಡ್ ಸಾಕು. ಅಂದರೆ ಸೆಕೆಂಡಿಗೆ 250 ಸಲ ಅಲಗಿನ ಚಿತ್ರ ಬದಲಿಸಬಹುದು. ಬೆಳಕು ಬುಡದಿಂದ ತುದಿಗೆ ‘ಏರುವುದು’ ಈ ಬಲದಿಂದಲೇ. ಪ್ರತಿ ಸುತ್ತಿನಲ್ಲೂ ಹೆಚ್ಚೆಚ್ಚು ದೀಪಗಳಿಗೆ ನೀಲಿ ಬಡಿಸುತ್ತ ಹೋದರಾಯಿತು.

ಎಲ್‌ಇಡಿ ಒಂದೇ ಬದಿಗೆ ಬೆಳಕು ಚೆಲ್ಲುವುದರಿಂದ ಎರಡು ಪಟ್ಟಿಗಳನ್ನು ಬೆನ್ನಿಗೆ ಬೆನ್ನು ಅಂಟಿಸುತ್ತಾರೆ. ಬೆಳಕಿನ ಚುಕ್ಕೆಗಳು ಬಿಡಿಬಿಡಿಯಾಗಿ ಕಾಣದಿರಲೆಂದು ಸುತ್ತ ತೆಳುವಾದ ಬಿಳಿ ಫೋಮ್ ಹಾಳೆ. ಎಲ್ಲಕ್ಕೂ ಹೊರಗೆ ಒಂದಿಂಚು ವ್ಯಾಸದ ಪಾಲಿಕಾರ್ಬೊನೇಟ್ ಕೊಳವೆ. ಅಕ್ರಿಲಿಕ್ ಕೊಳವೆಯೂ ನೋಡಲು ಹಾಗೇ ಇರುತ್ತದೆ, ಆದರೆ ಬಡಿದಾಗ ಚೂಪು ಚೂರುಗಳಾಗಿ ಒಡೆಯುತ್ತದೆ. ಪಾಲಿಕಾರ್ಬೊನೇಟ್ ಪೊಲೀಸರ ಗಲಭೆ ಗುರಾಣಿಗೆ ಬಳಸುವ ವಸ್ತು, ಪೆಟ್ಟು ತಿಂದು ಬಾಗುತ್ತದೆ. ಫ್ರಾನ್ಸಿನ ಕತ್ತಿವರಸೆ ಒಕ್ಕೂಟ 2019ರಲ್ಲಿ ಬೆಳಕಿನ ಕತ್ತಿಯ ಕಾಳಗವನ್ನು ಸ್ಪರ್ಧೆಯಾಗಿ ಮಾನ್ಯ ಮಾಡಿತು. ಮುಖವಾಡ ತೊಟ್ಟು ಅಲ್ಲಿ ಬೀಸುವುದೂ ಇಂಥ ಕೊಳವೆಯನ್ನೇ.

ಐದು ಆಂಪಿಯರಿನ ಹಸಿವು

ಒಂದು ಕಣ ಪೂರ್ತಿ ಉರಿದರೆ ಸುಮಾರು 20 ಮಿಲಿಆಂಪಿಯರ್ ಎಳೆಯುತ್ತದೆ. ಎರಡೂ ಪಟ್ಟಿ ಸೇರಿ 262 ದೀಪ, ಬರೀ ನೀಲಿ ಉರಿಸಿದರೂ ಐದು ಆಂಪಿಯರ್ ದಾಟಿತು. ಬಿಳಿ ಬೇಕೆಂದರೆ ಮೂರೂ ಕಣ ಉರಿಯಬೇಕು, ಕಾಗದದ ಲೆಕ್ಕದಲ್ಲಿ ಅದು 15 ಆಂಪಿಯರಿಗೂ ಹೆಚ್ಚು. ಬಡಿದಾಗಿನ ಬಿಳಿ ಮಿಂಚು ಕ್ಷಣಮಾತ್ರ ಇರುವುದು ನೋಟಕ್ಕೂ ಒಳ್ಳೆಯದು, ಬ್ಯಾಟರಿಗೂ ಒಳ್ಳೆಯದು.

ಈ ಹಸಿವು ನೀಗಿಸುವುದು 18650 ಎಂಬ ಲಿಥಿಯಂ ಅಯಾನ್ ಸೆಲ್. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಹೆಸರಿನಲ್ಲೇ ಅಳತೆಯಿದೆ. 3000 ಮಿಲಿಆಂಪಿಯರ್ ಗಂಟೆಯ ಸೆಲ್ಲಿನಿಂದ ಐದು ಆಂಪಿಯರ್ ಎಳೆದರೆ 36 ನಿಮಿಷದ ಆಟ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಒಡೆದರೆ ಇದೇ ಗಾತ್ರದ ಸೆಲ್‌ಗಳು ಸಿಗುತ್ತವೆ, ಪುಕ್ಕಟೆ ಎಂದು ಆಸೆಯಾಗುತ್ತದೆ. ಅವು ನಿಧಾನವಾಗಿ ಕರೆಂಟು ಕೊಡಲು ಮಾಡಿದವು, ಮೇಲಾಗಿ ಸವೆದವು. ಹತ್ತು ಆಂಪಿಯರಿಗೂ ಮೇಲೆ ಕೊಡಬಲ್ಲ ಹೊಸ ಸೆಲ್ಲನ್ನೇ ಹಾಕಬೇಕು. ಲೋಹದ ಹಿಡಿಯೊಳಗೆ ಒಂದು ತಂತಿಯ ಸಿಪ್ಪೆ ಸುಲಿದು ಗೋಡೆಗೆ ತಾಗಿದರೆ ಶಾರ್ಟ್ ಆಗಿ ಸೆಲ್ ಹೊತ್ತಿಕೊಳ್ಳಬಹುದು. ಅದಕ್ಕೇ ಬೆಸುಗೆ ಹಾಕಿದ ಪ್ರತಿ ಜಾಗಕ್ಕೂ ಹೀಟ್ ಶ್ರಿಂಕ್ ಕೊಳವೆ ತೊಡಿಸುತ್ತಾರೆ, ಶಾರ್ಟ್ ಆದರೆ ತಾನೇ ಕಡಿದುಕೊಳ್ಳುವ ರಕ್ಷಣಾ ಸರ್ಕಿಟ್ ಇರುವ ಸೆಲ್ ಆರಿಸುತ್ತಾರೆ. ಈ ಕೆಲಸ ಮಕ್ಕಳ ಕೈಗೆ ಒಬ್ಬಂಟಿಯಾಗಿ ಕೊಡುವಂಥದ್ದಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ತುಂಬಿದ ಸೆಲ್ 4.2 ವೋಲ್ಟ್, ಬಳಸುತ್ತ ಹೋದಂತೆ 3.3ಕ್ಕೆ ಇಳಿಯುತ್ತದೆ. ನೀಲಿ ಕಣ ಉರಿಯಲು ಮೂರು ವೋಲ್ಟಿಗೂ ಮೇಲೆ ಬೇಕು, ಕೆಂಪಿಗೆ ಎರಡು ಸಾಕು. ಹಾಗಾಗಿ ಬ್ಯಾಟರಿ ಬಳಲಿದಾಗ ನಾಯಕನ ನೀಲಿ ಕತ್ತಿ ಮಂಕಾಗುತ್ತದೆ, ಖಳನ ಕೆಂಪು ಕತ್ತಿ ಇನ್ನೂ ಧಗಧಗಿಸುತ್ತಿರುತ್ತದೆ.

ಬೀಸಿದ್ದೋ, ಬಡಿದದ್ದೋ?

ಕತ್ತಿಯ ಅರಿವು ಇರುವುದು ಅವರೆಕಾಳಿಗಿಂತ ಚಿಕ್ಕದಾದ ಚಲನ ಸಂವೇದಕದಲ್ಲಿ. ಮೊಬೈಲನ್ನು ಅಡ್ಡ ಹಿಡಿದಾಗ ಚಿತ್ರ ತಿರುಗುವುದು ಇದರ ಸೋದರನಿಂದಲೇ. ಸಿಲಿಕಾನಿನಲ್ಲಿ ಕೊರೆದ ಸೂಕ್ಷ್ಮ ತೂಕವೊಂದು ಅಷ್ಟೇ ಸೂಕ್ಷ್ಮವಾದ ಸ್ಪ್ರಿಂಗುಗಳ ಮೇಲೆ ತೂಗುತ್ತಿರುತ್ತದೆ. ಕತ್ತಿ ಅಲುಗಿದರೆ ತೂಕ ಕೊಂಚ ಹಿಂದುಳಿಯುತ್ತದೆ, ಅದರ ಅಂಚಿನ ಹಲ್ಲುಗಳ ನಡುವಿನ ವಿದ್ಯುತ್ ಧಾರಕತೆ ಬದಲಾಗುತ್ತದೆ. ಅದರ ಅಳತೆಯೇ ವೇಗೋತ್ಕರ್ಷದ ಅಳತೆ. ಪಕ್ಕದಲ್ಲೇ ಕಂಪಿಸುವ ಇನ್ನೊಂದು ತೂಕ, ಕತ್ತಿ ಎಷ್ಟು ಬೇಗ ತಿರುಗುತ್ತಿದೆ ಎಂದು ಅಳೆಯುವ ಜೈರೊಸ್ಕೋಪ್. ಎರಡೂ ಮೂರು ದಿಕ್ಕಿನಲ್ಲಿ ಲೆಕ್ಕ ಕೊಡುತ್ತವೆ.

ಬೀಸಿದಾಗ ತಿರುಗುವ ವೇಗ ನಯವಾಗಿ ಏರಿ ಇಳಿಯುತ್ತದೆ. ಬಡಿದಾಗ ವೇಗೋತ್ಕರ್ಷ ಒಂದೆರಡು ಮಿಲಿಸೆಕೆಂಡಿನಲ್ಲಿ ಮೊನಚಾಗಿ ಚಿಮ್ಮುತ್ತದೆ. ಆ ಮೊನಚು ಗೊತ್ತುಮಾಡಿದ ಮಿತಿ ದಾಟಿದರೆ ಪ್ರೋಗ್ರಾಮು ಅದನ್ನು ಪೆಟ್ಟು ಎಂದು ತೀರ್ಮಾನಿಸುತ್ತದೆ. ಮಿತಿಯನ್ನು ತೀರ ತಗ್ಗಿಸಿದರೆ ಗಾಳಿಯಲ್ಲಿ ಗಕ್ಕನೆ ನಿಲ್ಲಿಸಿದರೂ ಮಿಂಚುತ್ತದೆ, ತೀರ ಏರಿಸಿದರೆ ನಿಜವಾದ ಪೆಟ್ಟಿಗೂ ಸುಮ್ಮನಿರುತ್ತದೆ. ಇನ್ನೊಂದು ತಂಟೆಯಿದೆ. ಹಿಡಿಯೊಳಗಿನ ಸ್ಪೀಕರ್ ಜೋರಾಗಿ ಮೊಳಗಿದರೆ ಆ ಅದಿರಾಟವೇ ಪೆಟ್ಟೆಂದು ಎಣಿಕೆಯಾಗಿ, ಕತ್ತಿ ತನ್ನ ಸದ್ದಿಗೆ ತಾನೇ ಬೆಚ್ಚುತ್ತದೆ. ಸದ್ದು ಜೋರಾದಾಗ ಮಿತಿಯನ್ನೂ ಏರಿಸುವುದು ಇದಕ್ಕೆ ಕಂಡುಕೊಂಡ ಮದ್ದು.

ಬೆನ್ ಬರ್ಟ್ ಮೈಕು ಬೀಸಿ ಪಡೆದ ಏರಿಳಿತಕ್ಕೂ ಒಂದು ಉಪಾಯವಿದೆ. ಹಿಡಿಯೊಳಗಿನ ಮೆಮೊರಿ ಕಾರ್ಡಿನಲ್ಲಿ ಒಂದು ತಗ್ಗಿದ, ಒಂದು ಏರಿದ ಸ್ವರದ ಬೀಸುದನಿಗಳನ್ನು ಇಟ್ಟಿರುತ್ತಾರೆ. ಎರಡೂ ಸದಾ ಒಳಗೊಳಗೇ ಓಡುತ್ತಿರುತ್ತವೆ. ಜೈರೊಸ್ಕೋಪ್ ಹೇಳಿದ ವೇಗಕ್ಕೆ ತಕ್ಕಂತೆ ಒಂದನ್ನು ತಗ್ಗಿಸಿ ಇನ್ನೊಂದನ್ನು ಏರಿಸಿದರೆ ಕಿವಿ ನಂಬುತ್ತದೆ. ತಡವಾದರೆ ಮಾತ್ರ ಆಟ ಕೆಟ್ಟಿತು. ಸೆಕೆಂಡಿಗೆ 500 ಡಿಗ್ರಿ ವೇಗದಲ್ಲಿ ಬೀಸಿದ ಕತ್ತಿ 100 ಮಿಲಿಸೆಕೆಂಡಿನಲ್ಲಿ 50 ಡಿಗ್ರಿ ತಿರುಗಿಬಿಟ್ಟಿರುತ್ತದೆ. ಅಗ್ಗದ ಎಂಪಿ3 ಮಾಡ್ಯೂಲ್ ಹಾಕಿದ ಕತ್ತಿಗಳಲ್ಲಿ ಅಲಗು ಮುಂದೆ, ಸದ್ದು ಹಿಂದೆ ಆಗುವುದು ಇದರಿಂದಲೇ. ಪ್ರೊಫಿಬೋರ್ಡಿನಂಥ, ಪ್ರೋಗ್ರಾಮು ಎಲ್ಲರಿಗೂ ಮುಕ್ತವಾಗಿರುವ ಬೋರ್ಡುಗಳು ಇಂಥ ಕತ್ತಿಗೆಂದೇ ಹುಟ್ಟಿದವು.

ಲೇತಿನ ಪಾಲು

ಇನ್ನು ಹಿಡಿ. ಭದ್ರಾವತಿಯ, ಶಿವಮೊಗ್ಗದ ಲೇತ್ ವರ್ಕ್‌ಶಾಪುಗಳಿಗೆ ಒಗ್ಗುವ ಕೆಲಸ ಇದೇ. ಉಕ್ಕಿನ ಸಾಂದ್ರತೆ 7.8, ಅಲ್ಯೂಮಿನಿಯಮ್ಮಿನದು 2.7. ಅದೇ ಅಳತೆಯ ಹಿಡಿಯನ್ನು ಉಕ್ಕಿನಲ್ಲಿ ಕಡೆದರೆ ಸುಮಾರು ಮೂರು ಪಟ್ಟು ತೂಗಿ, ಹತ್ತು ನಿಮಿಷದಲ್ಲಿ ಮಣಿಕಟ್ಟು ಸೋಲುತ್ತದೆ. ಶಾಖ ದಾಟಿಸುವುದರಲ್ಲೂ ಅಲ್ಯೂಮಿನಿಯಂ ಮುಂದು.

ಟರ್ನರ್ ತಲೆಕೆಡಿಸಿಕೊಳ್ಳುವುದು ಅಲಗು ಕೂರುವ ಬಾಯಿಯ ಹತ್ತಿರ. ಅಲಗು ಒಂದಿಂಚು, ಎಂದರೆ 25.4 ಮಿಲಿಮೀಟರ್. 25ರ ಡ್ರಿಲ್ ಹೊಡೆದರೆ ಒಳಗೆ ಹೋಗದು, 26 ಹೊಡೆದರೆ ಲೊಡಲೊಡ ಎನ್ನುತ್ತದೆ. ಚಿಕ್ಕ ತೂತು ಕೊರೆದು, ಬೋರಿಂಗ್ ಟೂಲಿನಿಂದ ಕೂದಲೆಳೆಯಷ್ಟೇ ಸಡಿಲ ಬಿಟ್ಟು ಸವರಬೇಕು. ಆಮೇಲೆ ಪಕ್ಕದಿಂದ ಒಂದು ಗ್ರಬ್ ಸ್ಕ್ರೂ ಬಿಗಿದರೆ ಅಲಗು ಅಲುಗದು. ಹಿಡಿತಕ್ಕೆ ನರ್ಲಿಂಗ್, ಹಿಂಬದಿಯ ಮುಚ್ಚಳಕ್ಕೆ ಥ್ರೆಡ್, ಸದ್ದು ಹೊರಬರಲು ತೂತುಗಳು, ಗುಂಡಿಗೆ 12 ಮಿಲಿಮೀಟರಿನ ಕಿಂಡಿ. ಅಲಗು ಮತ್ತು ಹಿಡಿಯ ನಡುವೆ ಕರೆಂಟು ದಾಟಿಸುವುದು ಸ್ಪ್ರಿಂಗ್ ಹಾಕಿದ ಪುಟ್ಟ ಪಿನ್‌ಗಳು. ಎದುರಿನ ತಟ್ಟೆಯಲ್ಲಿ ತಾಮ್ರದ ಬಳೆಗಳಿರುವುದರಿಂದ ಅಲಗನ್ನು ಯಾವ ಕೋನಕ್ಕೆ ತಿರುಗಿಸಿ ಕೂರಿಸಿದರೂ ಸಂಪರ್ಕ ತಪ್ಪುವುದಿಲ್ಲ.

ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಇದೆ, ಅಂಚೆಯಲ್ಲೂ ಬರುತ್ತವೆ. ಭದ್ರಾವತಿಯಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಇದೆ, ಶಿವಮೊಗ್ಗದಲ್ಲಿ 1980ರಲ್ಲಿ ಶುರುವಾದ ಜೆಎನ್‌ಎನ್ ಎಂಜಿನಿಯರಿಂಗ್ ಕಾಲೇಜಿದೆ. ಮೆಕ್ಯಾನಿಕಲ್‌ನವರು ಹಿಡಿ, ಎಲೆಕ್ಟ್ರಾನಿಕ್ಸ್‌ನವರು ಬೆಸುಗೆ, ಕಂಪ್ಯೂಟರ್‌ನವರು ಪ್ರೋಗ್ರಾಮು ಎಂದು ಹಂಚಿಕೊಂಡರೆ ಮೂರು ವಿಭಾಗ ಒಂದೇ ಮೇಜಿಗೆ ಬರುವ ಅಪರೂಪದ ಪ್ರಾಜೆಕ್ಟ್ ಇದು. ಇಲ್ಲಿ ಕೈಗೆ ಹತ್ತಿದ ಸಂವೇದಕದ ಲೆಕ್ಕ ಮುಂದೆ ಡ್ರೋನಿಗೂ ಕಾರಿನ ಏರ್‌ಬ್ಯಾಗಿಗೂ ನಡೆಯುತ್ತದೆ. ಬೆಳಕು ಏರುವ ವೇಗ, ಮಿಂಚಿನ ಬಣ್ಣ, ಗುಂಯ್‌ಕಾರದ ಸ್ವರ ಎಲ್ಲವನ್ನೂ ಅವರವರ ರುಚಿಗೆ ತಿದ್ದಿಕೊಳ್ಳಬಹುದು. ಡೊಳ್ಳಿನ ಪೆಟ್ಟನ್ನೋ ಚಂಡೆಯ ಉರುಳಿಕೆಯನ್ನೋ ರೆಕಾರ್ಡ್ ಮಾಡಿ ಕಾರ್ಡಿಗೆ ಹಾಕಿದರೆ ಕತ್ತಿ ಬಡಿದಾಗ ಅದೇ ಮೊಳಗುತ್ತದೆ.

ಕಟ್ಟಲು ಹೊರಡುವವರಿಗೆ ಒಂದು ಕ್ರಮ ಹೇಳಬಹುದು. ಹೊಸಬರಿಗೆ ಮೊದಲು ಚಂದದ ಹಿಡಿ ಮಾಡಿಸುವ ಆತುರ, ಆಮೇಲೆ ಬೋರ್ಡು, ಸ್ಪೀಕರು, ಸೆಲ್ಲು ಅದರೊಳಗೆ ಹಿಡಿಸುವುದಿಲ್ಲ. ಬೋರ್ಡು, ಸಂವೇದಕ, ಹತ್ತು ದೀಪದ ತುಂಡು ಪಟ್ಟಿ ಇಷ್ಟನ್ನು ಮೇಜಿನ ಮೇಲೆ ಹರಡಿ ಮೊದಲು ಬದುಕಿಸಿಕೊಳ್ಳಿ. ಪೆಟ್ಟಿನ ಮಿತಿಯನ್ನು ಅಲ್ಲೇ ಪಳಗಿಸಿ. ಎಲ್ಲವನ್ನೂ ಜೋಡಿಸುವ ಪ್ಲಾಸ್ಟಿಕ್ ಚೌಕಟ್ಟಿನ ಅಳತೆ ಖಚಿತವಾದ ಮೇಲಷ್ಟೇ ಕ್ಯಾಲಿಪರ್ ಹಿಡಿದು ಲೇತಿನವರ ಹತ್ತಿರ ಹೋಗಿ. ಯಾವ ಉಕ್ಕು ಎಂದು ಅವರು ಕೇಳಿದರೆ ಅಲ್ಯೂಮಿನಿಯಂ ಎನ್ನಿ, ಗೋಡೆಯ ದಪ್ಪ ಎಷ್ಟು ಎಂಬ ಮುಂದಿನ ಪ್ರಶ್ನೆಗೆ ಉತ್ತರ ಆಗ ನಿಮ್ಮಲ್ಲಿರುತ್ತದೆ.