ಹಾಳೆಯ ಮಡಿಕೆಯಲ್ಲಿ ಒಂದು ಪಾಠ

ಐವತ್ತು ದಾಟಿದ ಮುಖ್ಯೋಪಾಧ್ಯಾಯನು ಮತ್ತೆ ವಿದ್ಯಾರ್ಥಿಯಾಗುವುದು ಸುಲಭವಲ್ಲ. ಕಳೆದ ಮಳೆಗಾಲದಲ್ಲಿ ನಾನು ಜಪಾನೀಯರ ‘ಒರಿಗಾಮಿ’ ಕಲಿಯಲು ಕುಳಿತೆ. ‘ಒರಿ’ ಎಂದರೆ ಮಡಿಕೆ, ‘ಕಾಮಿ’ ಎಂದರೆ ಕಾಗದ. ಕತ್ತರಿ ಬೇಡ, ಅಂಟು ಬೇಡ. ಚೌಕವಾದ ಒಂದು ಹಾಳೆ ಸಾಕು. ಆದರೂ ನನ್ನ ಮೊದಲ ಕೊಕ್ಕರೆಗೆ ಕತ್ತು ನಿಲ್ಲಲಿಲ್ಲ. ಮೊದಲ ಮಡಿಕೆಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದ ಅಂಚು ಕೊನೆಗೆ ಬೆರಳಗಲ ತಪ್ಪಿತ್ತು. “ಮಾಷ್ಟ್ರೇ, ಅವಸರ ಮಾಡಬೇಡಿ” ಎಂದಳು ನಾಲ್ಕನೆಯ ತರಗತಿಯ ಬಾಲಕಿ. ನಾನು ನಿತ್ಯ ಹೇಳುವ ಮಾತೇ ನನಗೆ ಮರಳಿತು.

ಈ ವಿದ್ಯೆ ನಮಗೆ ತೀರ ಹೊರಗಿನದಲ್ಲ. ಅಡಿಕೆಯ ಹಾಳೆಯನ್ನು ಮಡಚಿ ಮುಟ್ಟಾಳೆ ಮಾಡುವ ಕೈಗಳು ನಮ್ಮೂರಿನವೇ. ಕಾಸರಗೋಡು ಮದ್ರಾಸು ಪ್ರಾಂತದಲ್ಲಿದ್ದ ಕಾಲದಲ್ಲಿ, 1893ರಲ್ಲಿ, ಟಿ. ಸುಂದರರಾಯರು ಕಾಗದ ಮಡಚಿ ರೇಖಾಗಣಿತ ಕಲಿಯುವ ಇಂಗ್ಲಿಷ್ ಗ್ರಂಥವೊಂದನ್ನು ಮದ್ರಾಸಿನಲ್ಲಿ ಪ್ರಕಟಿಸಿದರು. ಜರ್ಮನಿಯ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ಉಲ್ಲೇಖಿಸಿದರು. 1901ರಲ್ಲಿ ಅದು ಶಿಕಾಗೋದಿಂದಲೂ ಹೊರಬಂದಿತು.

ನೀವೂ ಪರೀಕ್ಷಿಸಿರಿ. ಚೌಕವನ್ನು ಎಡದಿಂದ ಬಲಕ್ಕೆ ಸರಿಯಾಗಿ ಮಡಚಿ ಬಿಡಿಸಿದರೆ ನಡುಗೆರೆ ಮೂಡುವುದು. ಬಲಗಡೆಯ ಕೆಳಮೂಲೆಯಿಂದ ಮಡಿಕೆ ಹೊರಡುವಂತೆ ಹಿಡಿದು, ಎಡಗಡೆಯ ಕೆಳಮೂಲೆಯನ್ನು ನಡುಗೆರೆಗೆ ತಾಗಿಸಿರಿ. ತಾಗಿದ ಬಿಂದುವನ್ನು ಗುರುತಿಸಿ, ಹಾಳೆ ಬಿಡಿಸಿ, ಅಲ್ಲಿಂದ ಎರಡು ಕೆಳಮೂಲೆಗಳಿಗೂ ಗೆರೆ ಎಳೆಯಿರಿ. ಸಮಬಾಹು ತ್ರಿಭುಜ ಸಿದ್ಧ! ಕೈವಾರವೂ ಬೇಡ, ಕೋನಮಾಪಕವೂ ಬೇಡ.

ನಮ್ಮ ಕನ್ನಡ ತರಗತಿಯ ಬೆಂಚುಗಳು ವರ್ಷವರ್ಷಕ್ಕೆ ತೆರವಾಗುತ್ತಿವೆ. ಉಳಿದ ಮಕ್ಕಳಿಗಾದರೂ ‘ಕರ್ಣ’, ‘ಲಂಬ’, ‘ಸಮಬಾಹು’ ಎಂಬ ಮಾತುಗಳು ಬಾಯಿಪಾಠವಾಗದೆ ಕೈಪಾಠವಾಗಲಿ. ತಾಯಿತಂದೆಗಳೇ, ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಎಸೆಯದಿರಿ. ಮಕ್ಕಳೊಡನೆ ಕುಳಿತು, ಕನ್ನಡದಲ್ಲಿ ಮಾತಾಡುತ್ತ ಮಡಚಿರಿ.