ಉಣ್ಣಾಕ ಬರ್ರಿ, ಕೇಳಾಕ ಕುಂದರ್ರಿ

ಬೆಂಗಳೂರು, ಮೈಸೂರಿನ ಕಡೆಯ ಬಂಧುಗಳು ಶನಿವಾರ, ಭಾನುವಾರಕ್ಕೆ ಬರುತ್ತೇವೆಂದು ಫೋನ್ ಮಾಡಿದರೆ ಧಾರವಾಡದವರಿಗೆ ಮೊದಲು ಸಣ್ಣದೊಂದು ಸಂಕೋಚ. ತೋರಿಸಲು ಅರಮನೆಯಿಲ್ಲ, ಕಡಲಿಲ್ಲ, ಜಲಪಾತವಿಲ್ಲ. ಉಣ್ಣಿಸಲು ಮತ್ತು ಕೇಳಿಸಲು ಮಾತ್ರ ಬೇಕಾದಷ್ಟಿದೆ. ಇವೆರಡೂ ಇಲ್ಲಿ ಒಂದೇ ಸೂರಿನಡಿ ಬೆಳೆದಂಥವು. ಹುಬ್ಬಳ್ಳಿ, ಧಾರವಾಡ, ಕುಂದಗೋಳ, ಗದಗ ಸೀಮೆಯ ಹಿಂದೂಸ್ತಾನಿ ಸಂಗೀತ ಉಳಿದದ್ದು ಹಾಡುವವರನ್ನೂ ಕಲಿಯುವವರನ್ನೂ ಒಳಗೆ ಕರೆದು ಊಟಕ್ಕೆ ಕೂರಿಸಿದ ಮನೆ, ವಾಡೆ, ಆಶ್ರಮಗಳಿಂದ. ನೆಂಟರಿಗೆ ಎರಡು ದಿನ ತೋರಿಸಬೇಕಾದ್ದು ಈ ಆತಿಥ್ಯದ ಪರಂಪರೆಯನ್ನೇ.

ಕನ್ನಡದ ನೆಲಕ್ಕೆ ಹಿಂದೂಸ್ತಾನಿ ಹೇಗೆ ಬಂತು ಎಂದು ಬಂದವರು ಕೇಳಿಯೇ ಕೇಳುತ್ತಾರೆ. ಬ್ರಿಟಿಷರ ಕಾಲದಲ್ಲಿ ಈ ಭಾಗ ಮುಂಬೈ ಪ್ರಾಂತ್ಯದಲ್ಲಿತ್ತು. ಮಿರಜ, ಕೊಲ್ಹಾಪುರ, ಪುಣೆಗಳಿಗೆ ರೈಲಿನ ನಂಟಿತ್ತು. ಮರಾಠಿ ಮತ್ತು ಕನ್ನಡ ನಾಟಕ ಕಂಪನಿಗಳು ರಂಗಗೀತೆಗಳನ್ನು ಹೊತ್ತು ಊರೂರು ಸುತ್ತುತ್ತಿದ್ದವು. ಮೈಸೂರು ಅರಮನೆಗೆ ಹಾಡಲು ಹೊರಟ ಉಸ್ತಾದರಿಗೆ ಧಾರವಾಡ ದಾರಿಯಲ್ಲಿ ಸಿಗುವ ತಂಗುದಾಣ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಇಲ್ಲಿಗೆ ಬಂದಾಗ ಅಂಬಾಬಾಯಿಯವರ ಮನೆಗೆ ಹೋಗಿ ಅವರ ಕರ್ನಾಟಕ ಸಂಗೀತ ಕೇಳುತ್ತಿದ್ದರು. ಆ ಮನೆಯ ಮಗಳೇ ಗಂಗೂಬಾಯಿ ಹಾನಗಲ್ (1913–2009). ಮಗಳ ಹಿಂದೂಸ್ತಾನಿ ಕಲಿಕೆಗೆ ತೊಡಕಾಗಬಾರದೆಂದು ತಾಯಿ ತಮ್ಮ ಹಾಡಿಕೆಯನ್ನೇ ನಿಲ್ಲಿಸಿದರು.

ಶನಿವಾರ ಮಧ್ಯಾಹ್ನದ ಊಟ ಮನೆಯಲ್ಲೇ ಆಗಲಿ. ರೊಟ್ಟಿ ಬಡಿಯುವುದನ್ನು ನೋಡಲು ಅಡುಗೆಮನೆಗೆ ಮಕ್ಕಳನ್ನು ಬಿಡಿ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ಎಸರು ಹಾಕಿ ನಾದಿದರೆ ಮಾತ್ರ ಹಿಡಿತಕ್ಕೆ ಬರುತ್ತದೆ. ಅಂಗೈಯಿಂದ ಬಡಿಯುತ್ತ, ತಿರುಗಿಸುತ್ತ ಅಗಲ ಮಾಡಿ, ಹಂಚಿನ ಮೇಲೆ ಹಾಕಿದೊಡನೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ಮಗುಚಿ ಬೇಯಿಸಿ ಉರಿಗೆ ಹಿಡಿದರೆ ಉಬ್ಬುತ್ತದೆ. ಜೊತೆಗೆ ಎಣಗಾಯಿ: ಎಳೆಯ ಬದನೆಕಾಯಿಯನ್ನು ತೊಟ್ಟು ಬಿಡದೆ ಸೀಳಿ, ಶೇಂಗಾ, ಎಳ್ಳು, ಒಣಕೊಬ್ಬರಿ, ಮಸಾಲೆಖಾರದ ಪುಡಿ ತುಂಬಿದ್ದು. ಹೆಸರುಕಾಳಿನ ಪಲ್ಯ, ಝುಣಕ, ಹಸಿ ಮೆಂತೆಸೊಪ್ಪು, ಸವತಿಕಾಯಿ, ಉಳ್ಳಾಗಡ್ಡಿ. ತಟ್ಟೆಯ ಅಂಚಿಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಮೇಲೆ ಕೆನೆಮೊಸರು. ಪಲ್ಯದ ಕೆಂಪು ನೋಡಿ ದಕ್ಷಿಣದವರು ಹೆದರುತ್ತಾರೆ. ಬ್ಯಾಡಗಿ ಮೆಣಸಿನಕಾಯಿ ಕೊಡುವುದು ಖಾರಕ್ಕಿಂತ ಹೆಚ್ಚಾಗಿ ಬಣ್ಣವನ್ನು ಎಂದು ಧೈರ್ಯ ಹೇಳಿ. ಹಸಿ ಕೆಂಪು ಮೆಣಸಿನಕಾಯಿಯ ರಂಜಕದ ವಿಷಯದಲ್ಲಿ ಮಾತ್ರ ಆ ಭರವಸೆ ಕೊಡಬೇಡಿ. "ಇನ್ನೊಂದ್ ರೊಟ್ಟಿ ಹಾಕ್ಕೋರಿ, ಏನೂ ಆಗೂದಿಲ್ಲ" ಎಂಬ ಒತ್ತಾಯ ಹೇಗೂ ಇದ್ದೇ ಇರುತ್ತದೆ. ರೊಟ್ಟಿ ಬಡಿಯುವವರು ಮನೆಯಲ್ಲಿಲ್ಲದಿದ್ದರೆ ಊರ ತುಂಬ ಖಾನಾವಳಿಗಳಿವೆ.

ಸಂಜೆ ಹೊತ್ತಿಗೆ ಮಲ್ಲಿಕಾರ್ಜುನ ಮನಸೂರರ ಮನೆ 'ಮೃತ್ಯುಂಜಯ'. ಈಗ ಅದು ಸ್ಮಾರಕ. ಧಾರವಾಡದ ಪಕ್ಕದ ಮನಸೂರಿನಲ್ಲಿ ಹುಟ್ಟಿ, ಬಾಲ್ಯದಲ್ಲಿ ವಾಮನರಾಯ ಮಾಸ್ತರರ ನಾಟಕ ಕಂಪನಿಯಲ್ಲಿ ಹಾಡಿದ ಮನಸೂರರು ಮುಂದೆ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜಿ ಖಾನ್ ಮತ್ತು ಭುರ್ಜಿ ಖಾನರಿಂದ ಜೈಪುರ-ಅತ್ರೌಲಿ ಗಾಯಕಿಯನ್ನು ಪಡೆದರು. ಧಾರವಾಡ ಆಕಾಶವಾಣಿಗೂ ಸಂಗೀತ ಸಲಹೆಗಾರರಾಗಿದ್ದರು. ಹೋಗುವ ಮುನ್ನ ಮನೆಯಲ್ಲಿ ಎರಡು ಧ್ವನಿಮುದ್ರಿಕೆ ಹಾಕಿದರೆ ಘರಾಣೆ ಎಂದರೇನೆಂದು ವಿವರಿಸುವ ಕಷ್ಟ ತಪ್ಪುತ್ತದೆ. ಗಂಗೂಬಾಯಿಯವರದು ಕಿರಾಣಾ: ಒಂದು ಸ್ವರದ ಮೇಲೆ ನಿಂತು, ಅದರ ಸತ್ವವನ್ನೆಲ್ಲ ಹೊರತಂದೇ ಮುಂದಿನ ಸ್ವರಕ್ಕೆ ಹೆಜ್ಜೆ. ಮನಸೂರರದು ತಾಳದ ಬೆನ್ನು ಬಿಡದೆ ಹೆಣೆದುಕೊಂಡು ಹೋಗುವ ಬಗೆ. ಅಪರೂಪದ ರಾಗ, ಜೋಡುರಾಗಗಳೆಂದರೆ ಅವರಿಗೆ ಪ್ರೀತಿ. ಮೊದಲ ಸಲ ಕೇಳುವವರಿಗೂ ವ್ಯತ್ಯಾಸ ತಿಳಿಯುತ್ತದೆ.

ಅಲ್ಲಿಂದ ಲೈನ್ ಬಜಾರ್. ಫೇಡೆ ಮಾಡುವ ಠಾಕೂರ್ ಮನೆತನ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ವಲಸೆ ಬಂದದ್ದು. ಹಿಂದೂಸ್ತಾನಿ ರಾಗಗಳಂತೆಯೇ ಈ ಸಿಹಿಯೂ ಬಡಗಣದಿಂದ ಬಂದು ಇಲ್ಲಿ ಮನೆಮಾಡಿತು. ಹಾಲನ್ನು ಖೋವಾ ಮಾಡಿ, ಅದು ಕಂದು ಬಣ್ಣಕ್ಕೆ ತಿರುಗುವವರೆಗೆ ಸಣ್ಣ ಉರಿಯಲ್ಲಿ ಕೈಬಿಡದೆ ಹುರಿದು, ಉಂಡೆ ಕಟ್ಟಿ ಸಕ್ಕರೆಯಲ್ಲಿ ಹೊರಳಿಸುತ್ತಾರೆ. ಧಾರವಾಡ ಫೇಡೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಸಿಹಿಯ ಬೆನ್ನಿಗೆ ಖಾರ ಬೇಕೆನ್ನುವವರಿಗೆ ಚುರುಮುರಿಯ ಗಿರ್ಮಿಟ್, ಬಿಸಿ ಮಿರ್ಚಿ ಭಜಿ. ಆ ರಾತ್ರಿ ಎಲ್ಲಾದರೂ ಸಂಗೀತದ ಬೈಠಕ್ ಇದ್ದರೆ ಹೊಟ್ಟೆ ಹಗುರವಾಗಿರಲಿ. ಚಕ್ಕಳಮಕ್ಕಳ ಹಾಕಿ ಎರಡು ತಾಸು ಕೂರಬೇಕಾಗುತ್ತದೆ.

ಭಾನುವಾರ ಬೆಳಿಗ್ಗೆ ಕುಂದಗೋಳ. ಸವಾಯಿ ಗಂಧರ್ವರೆಂದು ಹೆಸರಾದ ರಾಮಭಾವು ಕುಂದಗೋಳಕರ ಅವರ ಊರು. ಅಬ್ದುಲ್ ಕರೀಂ ಖಾನರ ಶಿಷ್ಯರಾದ ಅವರಲ್ಲಿ ಕಲಿಯಲು ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಬರುತ್ತಿದ್ದರು. ಗುರುವನ್ನು ಅರಸಿ ಮನೆಬಿಟ್ಟು ಗ್ವಾಲಿಯರ್, ಜಲಂಧರ್ ಎಂದು ಅಲೆದ ಹುಡುಗ ಭೀಮಸೇನ ಜೋಶಿಗೆ ಕೊನೆಗೆ ಗುರು ಸಿಕ್ಕಿದ್ದು ತನ್ನ ಗದಗ ಸೀಮೆಗೆ ಹತ್ತಿರದ ಈ ಊರಲ್ಲೇ, 1936ರಲ್ಲಿ. ಗುರುವಿನ ಮನೆಯಲ್ಲಿದ್ದು, ನೀರು ಹೊತ್ತು, ಹೇಳಿದ ಕೆಲಸ ಮಾಡಿ ಕಲಿತರು. ಮುಂದೆ 2008ರಲ್ಲಿ ಭಾರತರತ್ನ ಬಂದದ್ದು ಆ ಹುಡುಗನಿಗೇ. ಊರಿನ ನಾಡಿಗೇರ ವಾಡೆ ಸಂಗೀತಗಾರರಿಗೆ ಬಾಗಿಲು ತೆರೆದಿಟ್ಟ ಮನೆ. ಸವಾಯಿ ಗಂಧರ್ವರ ಪುಣ್ಯತಿಥಿಯ ಸುಮಾರಿಗೆ ನಡೆಯುವ ಸಂಗೀತೋತ್ಸವಕ್ಕೆ ಆ ವಾಡೆಯೇ ವೇದಿಕೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮ ಇದೇ ಆತಿಥ್ಯವನ್ನು ಸಂಸ್ಥೆಯಾಗಿ ಬೆಳೆಸಿತು. ಹುಟ್ಟಿನಿಂದ ಕಣ್ಣಿಲ್ಲದ ಪಂಚಾಕ್ಷರ ಗವಾಯಿಗಳು ಹಾನಗಲ್ ಕುಮಾರಸ್ವಾಮಿಗಳ ಆಸರೆಯಲ್ಲಿ ಕಲಿತು, ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗಿ ಪಾಠ ಹೇಳಿದರು. ಕೊನೆಗೆ ಗದುಗಿನಲ್ಲಿ ನೆಲೆ ನಿಂತರು. 1944ರಲ್ಲಿ ಅವರು ತೀರಿಕೊಂಡ ಮೇಲೆ, ತಾವೂ ಅಂಧರಾಗಿದ್ದ ಪುಟ್ಟರಾಜ ಗವಾಯಿಗಳು 2010ರವರೆಗೆ ಆಶ್ರಮವನ್ನು ನಡೆಸಿದರು. ಅಂಧರು, ಬಡವರು, ಅನಾಥರು ಯಾವ ಜಾತಿಯವರಾದರೂ ಸರಿ, ಇಲ್ಲಿ ಊಟ, ವಸತಿ, ಪಾಠ ಎಲ್ಲ ಉಚಿತ. ಗಾಯಕ ಬಸವರಾಜ ರಾಜಗುರು ಅವರಂಥವರು ಬೆಳೆದದ್ದು ಈ ಗುರುಪರಂಪರೆಯಲ್ಲೇ. ನೆಂಟರೊಂದಿಗೆ ಹೋದರೆ ದಾಸೋಹದ ಪಂಕ್ತಿಯಲ್ಲಿ ಕೂತು ಉಂಡು ಬನ್ನಿ, ಕೈಲಾದಷ್ಟು ದವಸ ಕೊಟ್ಟು ಬನ್ನಿ.

ಆಶ್ರಮದ ಆ ಪಂಕ್ತಿಯ ಬೆಲೆ ತಿಳಿಯಬೇಕಾದರೆ ಇನ್ನೊಂದು ಪಂಕ್ತಿಯ ಕತೆಯನ್ನೂ ಮಕ್ಕಳಿಗೆ ಹೇಳಬೇಕು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರೆದುರು ಸ್ವಾಗತಗೀತೆ ಹಾಡಿದವರಲ್ಲಿ ಎಳೆಯ ಗಂಗೂಬಾಯಿಯೂ ಒಬ್ಬರು. ಗಾಯಕಿಯರ ಮನೆತನದ ಆ ಹುಡುಗಿಗೆ ಹಾಡಿನ ಭಯವಿರಲಿಲ್ಲ. ಜಾತಿಯ ಕಾರಣಕ್ಕೆ, ಊಟವಾದ ಮೇಲೆ ಎಂಜಲು ತೆಗೆಯಲು ತನಗೆ ಹೇಳಿಬಿಟ್ಟಾರೆಂಬ ಭಯವಿತ್ತು. ಇದನ್ನು ಮುಂದೆ ಅವರೇ ನೆನೆದುಕೊಂಡಿದ್ದಾರೆ. ಕೊರಳಿಗೆ ಮನ್ನಣೆ ಕೊಟ್ಟವರೆಲ್ಲ ಪಂಕ್ತಿಯಲ್ಲಿ ಜಾಗ ಕೊಡುತ್ತಿರಲಿಲ್ಲ. ಈ ಸೀಮೆಯ ಸಂಗೀತದ ಹಿರಿಮೆ ಹೇಳುವಾಗ ಆ ಮಾತನ್ನು ನುಂಗಿಕೊಳ್ಳಬಾರದು.

ಕರೆಯುವವರಿಗೆ ಕೆಲವು ಸೂಚನೆ. ಬೈಠಕ್‌ಗಳ ಸುದ್ದಿ ಪತ್ರಿಕೆಯ ಸ್ಥಳೀಯ ಪುಟದಲ್ಲೂ ಸಂಗೀತ ಕಲಿಸುವವರ ಬಾಯಲ್ಲೂ ಸಿಗುತ್ತದೆ. ಎಷ್ಟೋ ಕಡೆ ಟಿಕೆಟ್ಟೇ ಇರುವುದಿಲ್ಲ. ಸ್ಮಾರಕ, ವಾಡೆಗಳ ಬಾಗಿಲು ತೆರೆಯುವ ಹೊತ್ತನ್ನು ಮೊದಲೇ ವಿಚಾರಿಸಿ. ನಿಧಾನಗತಿಯ ವಿಲಂಬಿತ್ ಖಯಾಲಿನ ಮೊದಲ ಅರ್ಧ ತಾಸಿಗೆ ಮಕ್ಕಳು ಮಿಸುಕಾಡಿದರೆ ಗದರಬೇಡಿ, ಹೊರಗೆ ಒಂದು ಸುತ್ತು ಹಾಕಿಸಿ, ವೇಗದ ದ್ರುತ್‌ಗೆ ಕರೆತನ್ನಿ. ಎರಡೇ ದಿನದಲ್ಲಿ ಎಲ್ಲವನ್ನೂ ಮುಗಿಸುವ ಹಟ ಬೇಡ. ಕುಂದಗೋಳ, ಗದಗಗಳಲ್ಲಿ ಒಂದನ್ನು ಮುಂದಿನ ಸಲಕ್ಕೆ ಉಳಿಸಿಕೊಳ್ಳಿ. ಆ ಮುಂದಿನ ಸಲ ಸೆಪ್ಟೆಂಬರಿನಲ್ಲಾದರೆ ಒಳ್ಳೆಯದು. ಸವಾಯಿ ಗಂಧರ್ವರು ತೀರಿಕೊಂಡದ್ದು 1952ರ ಸೆಪ್ಟೆಂಬರ್ 12ರಂದು, ಮನಸೂರರು 1992ರ ಅದೇ ತಾರೀಖಿನಂದು. ಆ ದಿನಗಳಲ್ಲಿ ಬಂದವರಿಗೆ ಏನು ತೋರಿಸುವುದೆಂಬ ಚಿಂತೆ ಧಾರವಾಡದವರಿಗೆ ಇರುವುದಿಲ್ಲ. ಹಾಸಿಗೆ ಎಲ್ಲಿ ಹಾಸುವುದೆಂಬುದಷ್ಟೇ ಚಿಂತೆ.